ಎರಡಾಣೆಯ ಬ್ಯಾಂಕು

ಉಡುಪಿಯಿಂದ ಉತ್ತರಕ್ಕೆ ಕುಂದಾಪುರದ ಹಾದಿಯನ್ನು ಹಿಡಿದು ನಡೆದರೆ ಸ್ವರ್ಣಾನದಿಯ ದಡದಲ್ಲಿ ಕಲ್ಯಾಣಪುರ ಸಿಗುತ್ತದೆ. ಹೊಳೆಯನ್ನು ದಾಟಿ ಮುಂದೆ ಹೋದರೆ ಬ್ರಹ್ಮಾವರ, ಸೀತಾನದಿಯ ಆಚೆಗೆ ಸಾಲಿಗ್ರಾಮ, ಕೋಟ, ಅನಂತರ ಕುಂದಾಪುರ, ಇನ್ನೂ ಉತ್ತರಕ್ಕೆ ಬೈಂದೂರು. ಒಂದು ಶತಮಾನದ ಹಿಂದೆ ಈ ಕರಾವಳಿಯೆಲ್ಲ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹೊಳೆಗಳಿಗೆ ಇಂದಿನಂತೆ ಎಲ್ಲೆಡೆಯೂ ಸೇತುವೆಗಳಿರಲಿಲ್ಲ. ಪಯಣಿಗರು ಹಲವೆಡೆ ಕಡವಿನಲ್ಲಿ ದೋಣಿಗಾಗಿ ಕಾದು ನಿಲ್ಲಬೇಕಾಗಿತ್ತು. ಗದ್ದೆಯ ಬೇಸಾಯ, ತೆಂಗಿನ ತೋಟ, ಮೀನುಗಾರಿಕೆ, ಕೈಮಗ್ಗ, ಹೆಂಚಿನ ಕಾರ್ಖಾನೆಯ ಕೂಲಿ ಇವು ಜನರ ಬದುಕಿಗೆ ಆಧಾರವಾಗಿದ್ದವು. ಮಳೆಗಾಲ ಬಂತೆಂದರೆ ಕಡಲಿಗೆ ಇಳಿಯುವಂತಿರಲಿಲ್ಲ. ಬೇಸಗೆಯಲ್ಲಿ ಗಳಿಸಿದ್ದು ಆ ಹೊತ್ತಿಗೆ ಮುಗಿದಿರುತ್ತಿತ್ತು. ಊರಿನಲ್ಲಿ ಹೊಟ್ಟೆ ತುಂಬದ ಹುಡುಗರು ಹೋಟೆಲುಗಳಲ್ಲಿ ದುಡಿಯಲೆಂದು ಮುಂಬಯಿ, ಮದರಾಸುಗಳ ದಾರಿ ಹಿಡಿಯುತ್ತಿದ್ದರು.

ತೋನ್ಸೆ ಮಾಧವ ಅನಂತ ಪೈಯವರು ಹುಟ್ಟಿದುದು ಈ ಕಲ್ಯಾಣಪುರದಲ್ಲಿ, ೧೮೯೮ನೆಯ ಇಸವಿಯ ಏಪ್ರಿಲ್ ೩೦ರಂದು. ನೆರೆಯ ತೋನ್ಸೆ ಎಂಬ ಊರಿನ ಹೆಸರು ಅವರ ಮನೆತನಕ್ಕೆ ಅಂಟಿಕೊಂಡಿತ್ತು. ಮುಂದೆ ನಾಡೆಲ್ಲ ಅವರನ್ನು ಡಾಕ್ಟರ್ ಟಿ. ಎಂ. ಎ. ಪೈ ಎಂದು ಕರೆಯಿತು. ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಓದಿ ಪದವಿ ಪಡೆದ ಅವರು ಉಡುಪಿಗೆ ಹಿಂದಿರುಗಿ ವೈದ್ಯವೃತ್ತಿಯನ್ನು ಕೈಗೊಂಡರು. ಪದವೀಧರ ವೈದ್ಯರು ವಿರಳವಾಗಿದ್ದ ಆ ಕಾಲದಲ್ಲಿ ಅದೊಂದೇ ಅವರಿಗೆ ನಿಶ್ಚಿಂತೆಯ ಜೀವನವನ್ನು ಕೊಡಬಲ್ಲುದಾಗಿತ್ತು. ಆದರೆ ಬಡವರ ಊರಿನಲ್ಲಿ ವೈದ್ಯನಾದವನಿಗೆ ರೋಗದ ಜೊತೆಯಲ್ಲಿಯೇ ಬಡತನವೂ ಕಣ್ಣಿಗೆ ಬೀಳುತ್ತದೆ. ಮದ್ದು ಬರೆದುಕೊಟ್ಟರೂ ಅದನ್ನು ಕೊಳ್ಳಲು ಕೈಯಲ್ಲಿ ಕಾಸಿಲ್ಲದವನ ಕಾಯಿಲೆಗೆ ಯಾವ ವೈದ್ಯಗ್ರಂಥದಲ್ಲಿಯೂ ಚಿಕಿತ್ಸೆಯಿಲ್ಲ.

ಆಗ ಉಡುಪಿಯ ಸುತ್ತಿನ ನೇಕಾರರು ಸಂಕಟದಲ್ಲಿದ್ದರು. ಗಿರಣಿಯ ಬಟ್ಟೆ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಂದು, ಕೈಮಗ್ಗದ ಸೀರೆಯನ್ನು ಕೇಳುವವರು ಕಡಿಮೆಯಾಗಿದ್ದರು. ನೇಕಾರನಿಗೆ ನೂಲು ಕೊಳ್ಳಲು ಮುಂಗಡ ಹಣ ಬೇಕು. ನೇಯ್ದುದು ಮಾರಾಟವಾಗುವವರೆಗೆ ಮನೆಯವರ ಹೊಟ್ಟೆಗೂ ಏನಾದರೂ ಬೇಕು. ಇವೆರಡಕ್ಕೂ ಆತ ಸಾಹುಕಾರನ ಬಾಗಿಲನ್ನೇ ತಟ್ಟಬೇಕಾಗಿತ್ತು. ಒಮ್ಮೆ ತೆಗೆದ ಸಾಲ ಬಡ್ಡಿಯಲ್ಲಿ ಬೆಳೆದು, ಮಗ್ಗವೇ ಅಡವಿಗೆ ಹೋಗುವ ಸ್ಥಿತಿ ಬರುತ್ತಿತ್ತು. ಇಂತಹವರಿಗೆ ನ್ಯಾಯವಾದ ಬಡ್ಡಿಗೆ ಸಾಲ ಸಿಗಬೇಕು. ಆ ಸಾಲಕ್ಕೆ ಬೇಕಾದ ಹಣವನ್ನು ಊರಿನವರ ಚಿಕ್ಕ ಉಳಿತಾಯಗಳಿಂದಲೇ ಕೂಡಿಸಬೇಕು ಎಂಬ ಯೋಜನೆ ಮೂವರನ್ನು ಒಂದುಗೂಡಿಸಿತು. ಒಬ್ಬರು ವ್ಯಾಪಾರಿಯಾಗಿದ್ದ ಉಪೇಂದ್ರ ಅನಂತ ಪೈ. ಇವರು ಮಾಧವ ಪೈಯವರ ಅಣ್ಣ. ಇನ್ನೊಬ್ಬರು ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ. ಮೂರನೆಯವರು ವೈದ್ಯ ಮಾಧವ ಪೈ. ೧೯೨೫ರಲ್ಲಿ ಉಡುಪಿಯಲ್ಲಿ ಅವರು ಸ್ಥಾಪಿಸಿದ ಸಂಸ್ಥೆಗೆ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂದು ಹೆಸರಿಟ್ಟರು. ಬ್ಯಾಂಕು ಎಂಬ ಮಾತಿಗಿಂತ ಮೊದಲು ಕೈಗಾರಿಕೆ ಎಂಬ ಮಾತು ಆ ಹೆಸರಿನಲ್ಲಿ ಕುಳಿತಿರುವುದನ್ನು ಗಮನಿಸಬೇಕು.

ಅವರು ಕೂಡಿಸಿದ ಬಂಡವಾಳ ಎಂಟು ಸಾವಿರ ರೂಪಾಯಿ. ಅಂದಿನ ರೂಪಾಯಿಗೆ ಇಂದಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯಿತ್ತೆಂಬುದು ನಿಜವಾದರೂ ಬ್ಯಾಂಕಿಗೆ ಅದು ತೀರ ಸಣ್ಣ ಮೊತ್ತವೇ. ಇಂತಹ ಕೆಲಸಕ್ಕೆ ಕೈಹಾಕುವ ಯಾವ ವಿವೇಕಿಯ ಮನಸ್ಸಿನಲ್ಲಿಯೂ ಸಂಶಯಗಳು ತಲೆಯೆತ್ತದೆ ಇರಲಾರವು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ೧೯೦೬ರಲ್ಲಿಯೇ ಸ್ಥಾಪಿಸಿದ ಕೆನರಾ ಬ್ಯಾಂಕು ಇತ್ತು. ಉಡುಪಿಯಲ್ಲಿಯೇ ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಹುಟ್ಟುಹಾಕಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಇತ್ತು. ಹಿಂದಿನ ವರ್ಷವಷ್ಟೇ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು ತೆರೆದಿತ್ತು. ಇಷ್ಟು ಬ್ಯಾಂಕುಗಳಿರುವಲ್ಲಿ ಮತ್ತೊಂದು ಏಕೆ? ಸ್ಟೆತೊಸ್ಕೋಪು ಹಿಡಿದವನಿಗೆ ಲೆಕ್ಕದ ಪುಸ್ತಕ ತಿಳಿದೀತೆ? ಸಾಲ ಪಡೆದ ನೇಕಾರ ತೀರಿಸದೆ ಹೋದರೆ ಠೇವಣಿ ಇಟ್ಟವನಿಗೆ ಏನೆಂದು ಉತ್ತರ ಹೇಳುವುದು? ಈ ಪ್ರಶ್ನೆಗಳಲ್ಲಿ ಯಾವುದೂ ಹುರುಳಿಲ್ಲದ ಪ್ರಶ್ನೆಯಲ್ಲ. ಮುಖ್ಯವಾಗಿ, ಅವುಗಳಿಗೆ ಕುಳಿತಲ್ಲಿಯೇ ಉತ್ತರ ಸಿಗುವಂತಿರಲಿಲ್ಲ. ಎಂಟು ಸಾವಿರದಲ್ಲಿ ತೊಡಗಿ ನೋಡುವುದೊಂದೇ ಅವುಗಳಿಗೆ ಉತ್ತರ ಪಡೆಯುವ ಮಾರ್ಗವಾಗಿತ್ತು. ಆ ಮಾರ್ಗವನ್ನೇ ಅವರು ಹಿಡಿದರು.

ಮೂರು ವರ್ಷಗಳ ಅನಂತರ, ೧೯೨೮ರಲ್ಲಿ, ಸಿಂಡಿಕೇಟಿನ ಮೊದಲನೆಯ ಶಾಖೆ ತೆರೆಯಿತು. ವ್ಯಾಪಾರ ತುಂಬಿ ತುಳುಕುತ್ತಿದ್ದ ಮಂಗಳೂರಿನಲ್ಲಾಗಲಿ ಮದರಾಸಿನಲ್ಲಾಗಲಿ ಅಲ್ಲ, ಇಂದು ತಾಲ್ಲೂಕು ಕೇಂದ್ರವಾಗಿರುವ, ಅಂದು ಒಂದು ಹಳ್ಳಿಯಾಗಿದ್ದ ಬ್ರಹ್ಮಾವರದಲ್ಲಿ. ಬ್ಯಾಂಕು ಎಂದರೆ ಪೇಟೆಯ ವರ್ತಕರಿಗೂ ಜಮೀನ್ದಾರರಿಗೂ ಸಂಬಂಧಿಸಿದುದೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಭತ್ತ, ತೆಂಗು, ಮೀನುಗಳ ನಡುವೆ ಬದುಕುತ್ತಿದ್ದ ಜನರ ಊರಿಗೆ ಅದು ನಡೆದು ಬಂತು.

ಅದೇ ವರ್ಷ ಬಂದ ಇನ್ನೊಂದು ಯೋಜನೆ ಇದಕ್ಕಿಂತಲೂ ವಿಚಿತ್ರವಾಗಿ ಕಂಡಿರಬೇಕು. ದಿನಗೂಲಿಯವನು, ಮೀನು ಮಾರುವ ಹೆಂಗಸು, ಗಾಡಿ ಹೊಡೆಯುವವನು, ಬೀಡಾ ಅಂಗಡಿಯವನು ಇವರು ಹಣ ಕೂಡಿಡುವುದೆಂದರೆ ಬಿದಿರಿನ ಗಳುವಿನೊಳಗೋ ಅಕ್ಕಿಯ ಮಡಕೆಯ ತಳದಲ್ಲೋ ಕಾಸು ಹಾಕಿಡುವುದೆಂದೇ ಅರ್ಥವಾಗಿತ್ತು. ಅಲ್ಲಿಟ್ಟ ಹಣ ಹಬ್ಬಕ್ಕೋ ಜಾತ್ರೆಗೋ ಹೊರಗೆ ಬಂದುಬಿಡುತ್ತಿತ್ತು. ಬ್ಯಾಂಕಿನ ಮೆಟ್ಟಿಲನ್ನು ಹತ್ತಲು ಅವರಿಗೆ ಸಂಕೋಚ. ಎರಡಾಣೆ ಹಿಡಿದುಕೊಂಡು ಹೋದರೆ ಗುಮಾಸ್ತ ನಕ್ಕಾನೆಂಬ ಅಳುಕು. ಹೋಗಬೇಕೆಂದರೂ ಆ ದಿನದ ಕೂಲಿ ನಷ್ಟ. ಅವರು ಬ್ಯಾಂಕಿಗೆ ಬರಲಾರರಾದರೆ ಬ್ಯಾಂಕೇ ಅವರ ಮನೆಗೆ ಹೋಗಬೇಕು. ಪ್ರತಿದಿನವೂ ಹೋಗಬೇಕು. ಎರಡಾಣೆ ಕೊಟ್ಟರೂ ಸ್ವೀಕರಿಸಬೇಕು. ಈ ಯೋಜನೆಗೆ ಪಿಗ್ಮಿ ಠೇವಣಿ ಎಂದು ಹೆಸರಾಯಿತು. ಪಿಗ್ಮಿ ಎಂಬುದು ಆಫ್ರಿಕದ ಕಾಡುಗಳಲ್ಲಿ ವಾಸಿಸುವ ಗಿಡ್ಡ ಮೈಕಟ್ಟಿನ ಜನರಿಗೆ ಇಂಗ್ಲಿಷಿನಲ್ಲಿರುವ ಹೆಸರು. ಅತಿ ಚಿಕ್ಕದು ಎಂಬ ಅರ್ಥದಲ್ಲಿ ಅದನ್ನು ಇಲ್ಲಿ ಬಳಸಲಾಯಿತು. ಕರಾವಳಿಯ ಜನ ಅದರ ಮೂಲವನ್ನು ಕೇಳುವ ಗೋಜಿಗೆ ಹೋಗದೆ ಪಿಗ್ಮಿಯನ್ನು ಕನ್ನಡದ ಮಾತಾಗಿಯೇ ಮಾಡಿಕೊಂಡರು.

ಆಣೆಗಳ ಲೆಕ್ಕ ಇಂದಿನ ಮಕ್ಕಳಿಗೆ ಅಪರಿಚಿತವಾದುದು. ೧೯೫೭ರಲ್ಲಿ ದಶಮಾಂಶ ನಾಣ್ಯಗಳು ಬರುವವರೆಗೆ ಒಂದು ರೂಪಾಯಿಗೆ ಹದಿನಾರು ಆಣೆಗಳು. ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಅದನ್ನು ವಸೂಲು ಮಾಡಲು ಒಬ್ಬ ಮನುಷ್ಯ ಬಿಸಿಲಲ್ಲಿ ಮಳೆಯಲ್ಲಿ ಮನೆಮನೆ ಅಲೆಯಬೇಕು. ಅವನಿಗೆ ಪ್ರತಿಫಲ ಕೊಡಬೇಕು. ಪ್ರತಿಯೊಂದು ಎರಡಾಣೆಯನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಠೇವಣಿದಾರನಿಗೆ ಬಡ್ಡಿಯನ್ನೂ ಕೊಡಬೇಕು. ಮೇಲುನೋಟಕ್ಕೆ ಇದು ಕಾಸಿನ ಕೋಳಿಗೆ ರೂಪಾಯಿಯ ಮಸಾಲೆ ಅರೆದಂತೆಯೇ ಕಾಣುತ್ತದೆ. ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ದಿನಕ್ಕೆ ಎರಡಾಣೆಯಂತೆ ಒಂದು ಮನೆಯವರು ವರ್ಷವಿಡೀ ಕಟ್ಟಿದರೆ ನಲವತ್ತೈದು ರೂಪಾಯಿ ಹತ್ತಾಣೆಯಾಗುತ್ತದೆ. ಕೂಲಿಯವನ ಮನೆಯಲ್ಲಿ ಅಷ್ಟು ಹಣ ಒಟ್ಟಿಗೆ ಕಾಣುವುದೇ ಅಪರೂಪ. ಅಂತಹ ನೂರು ಮನೆಗಳಿದ್ದರೆ ದಿನಕ್ಕೆ ಹನ್ನೆರಡು ರೂಪಾಯಿ ಎಂಟಾಣೆ. ವರ್ಷಕ್ಕೆ ನಾಲ್ಕು ಸಾವಿರದ ಐನೂರ ಅರವತ್ತೆರಡು ರೂಪಾಯಿ ಎಂಟಾಣೆ. ಮೂವರು ಗಣ್ಯರು ಸೇರಿ ಕೂಡಿಸಿದ ಮೂಲ ಬಂಡವಾಳದ ಅರ್ಧಕ್ಕಿಂತ ಹೆಚ್ಚಿನ ಹಣವನ್ನು ನೂರು ಬಡ ಮನೆಗಳು ಒಂದೇ ವರ್ಷದಲ್ಲಿ ತರಬಲ್ಲವು. ಯೋಜನೆಯ ಶಕ್ತಿಯೆಲ್ಲ ಈ ಗುಣಾಕಾರದಲ್ಲಿತ್ತು. ಶಾಲೆಯಲ್ಲಿ ಕಲಿತ ಗುಣಾಕಾರವೇ ಆದರೂ ಎರಡಾಣೆಯ ವಿಷಯದಲ್ಲಿ ಅದನ್ನು ಮಾಡಿ ನೋಡುವ ತಾಳ್ಮೆ ಅದುವರೆಗೆ ಹೆಚ್ಚು ಜನಕ್ಕೆ ಇರಲಿಲ್ಲ.

ಕಾಗದದ ಮೇಲಿನ ಲೆಕ್ಕ ನಿಜವಾಗಬೇಕಾದರೆ ಮಾತ್ರ ವಸೂಲಿಯ ಮನುಷ್ಯ ದಿನವೂ ಬಾಗಿಲಿಗೆ ಬರಲೇಬೇಕು. ಚೀಲವನ್ನು ಹೆಗಲಿಗೆ ಹಾಕಿ, ಪುಸ್ತಕವನ್ನು ಕಂಕುಳಲ್ಲಿಟ್ಟು, ಅಂಗಡಿಯಿಂದ ಅಂಗಡಿಗೆ, ಮನೆಯಿಂದ ಮನೆಗೆ ಹೋಗುವ ಪಿಗ್ಮಿ ಸಂಗ್ರಾಹಕ ಕರಾವಳಿಯ ಪೇಟೆಗಳ ನಿತ್ಯದ ನೋಟವಾದನು. ಅವನು ಊರಿನವನೇ ಆಗಿರುತ್ತಿದ್ದುದರಿಂದ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು. ಯಾರಿಗೆ ಸಾಲ ಕೊಡಬಹುದು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿಯುಂಟೆ? ದಿನವೂ ಎರಡಾಣೆಯನ್ನು ತಪ್ಪದೆ ಕಟ್ಟುವವನು ಸಾಲದ ಕಂತನ್ನೂ ಕಟ್ಟಿಯಾನೆಂಬ ನಂಬಿಕೆ ತಾನಾಗಿ ಬೆಳೆಯುತ್ತದೆ. ಆದರೆ ಈ ಸಂಗ್ರಾಹಕರಿಗೆ ದೊರೆಯುತ್ತಿದ್ದುದು ಸಂಬಳವಲ್ಲ, ವಸೂಲಿಯ ಮೇಲಿನ ಕಮಿಷನ್ನು. ತಮ್ಮನ್ನು ಕೆಲಸಗಾರರೆಂದು ಪರಿಗಣಿಸಬೇಕೆಂಬ ಅವರ ಮೊರೆ ಎಷ್ಟೋ ಕಾಲದ ಅನಂತರ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ೨೦೦೧ರಲ್ಲಿ ಅವರ ಪರವಾಗಿ ತೀರ್ಮಾನವಾಯಿತು. ಬಡವರ ಉಳಿತಾಯಕ್ಕಾಗಿ ನಡೆದು ಸವೆದ ಕಾಲುಗಳ ಹಕ್ಕಿನ ಮಾತು ಇಷ್ಟು ತಡವಾಗಬಾರದಿತ್ತು.

ಬಡವರ ಹಣವನ್ನು ಕೈಯಲ್ಲಿ ಹಿಡಿಯುವುದು ಎಷ್ಟು ದೊಡ್ಡ ಹೊಣೆಯೆಂಬುದನ್ನು ಇಲ್ಲಿ ನೆನೆಯಬೇಕು. ೧೯೨೮ರಲ್ಲಿ ಭಾರತಕ್ಕೆ ರಿಸರ್ವ್ ಬ್ಯಾಂಕೇ ಇರಲಿಲ್ಲ. ಅದು ಸ್ಥಾಪನೆಯಾದುದು ೧೯೩೫ರಲ್ಲಿ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ಹಣ ಕೊಡುವ ಠೇವಣಿ ವಿಮೆಯಂತೂ ೧೯೬೨ರವರೆಗೆ ಬರಲಿಲ್ಲ. ೧೯೩೮ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಬಾಗಿಲು ಮುಚ್ಚಿದಾಗ ದಕ್ಷಿಣ ಭಾರತದ ಠೇವಣಿದಾರರೆಲ್ಲ ಗಾಬರಿಗೊಂಡರು. ಶ್ರೀಮಂತನ ಹಣ ಹೋದರೆ ಅವನ ಸಂಪತ್ತಿನ ಒಂದು ಭಾಗ ಹೋದಂತೆ. ಪಿಗ್ಮಿ ಕಟ್ಟಿದವಳ ಹಣ ಹೋದರೆ ಅವಳ ಮಗಳ ಮದುವೆಯೇ ನಿಂತಂತೆ. ಅಂತಹ ದಿನಗಳಲ್ಲಿ ಸಂಶಯ ಎಂಬುದು ದೌರ್ಬಲ್ಯವಲ್ಲ, ಕರ್ತವ್ಯವೇ ಆಗಿತ್ತು. ಪೈಯವರ ಬ್ಯಾಂಕು ಆ ಬಿರುಗಾಳಿಯನ್ನು ದಾಟಿ ಉಳಿಯಿತು. ಕೆಲವೇ ಮಂದಿಯ ದೊಡ್ಡ ಠೇವಣಿಗಳನ್ನು ನಂಬಿದ ಬ್ಯಾಂಕಿಗೆ ಅವರಲ್ಲಿ ನಾಲ್ವರು ಬೆನ್ನು ತಿರುಗಿಸಿದರೂ ಕಷ್ಟ. ಸಾವಿರಾರು ಜನರ ಎರಡಾಣೆಗಳ ಮೇಲೆ ನಿಂತುದಕ್ಕೆ ಬೇರುಗಳು ಹಲವು.

ಬಂಗ್ಲಾದೇಶದ ಗ್ರಾಮೀಣ ಬ್ಯಾಂಕು ಬಡ ಹೆಂಗಸರಿಗೆ ಚಿಕ್ಕ ಸಾಲಗಳನ್ನು ಕೊಟ್ಟು ಜಗತ್ತಿನ ಗಮನವನ್ನು ಸೆಳೆದುದು, ೨೦೦೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದುದು ಎಲ್ಲರಿಗೂ ತಿಳಿದಿದೆ. ಅದು ಬ್ಯಾಂಕಾಗಿ ಸ್ಥಾಪನೆಯಾದ ೧೯೮೩ಕ್ಕೆ ಅರ್ಧ ಶತಮಾನಕ್ಕೂ ಹಿಂದೆ, ಬಡವನು ಸಾಲ ಪಡೆಯುವವನಷ್ಟೇ ಅಲ್ಲ, ಉಳಿತಾಯ ಮಾಡುವವನೂ ಹೌದೆಂಬುದನ್ನು ಬ್ರಹ್ಮಾವರದ ಸುತ್ತಿನ ಹಳ್ಳಿಗಳು ತೋರಿಸಿಕೊಟ್ಟಿದ್ದವು.

ಬ್ಯಾಂಕು ಬೆಳೆಯಿತು. ೧೯೬೪ರಲ್ಲಿ ಸಿಂಡಿಕೇಟ್ ಬ್ಯಾಂಕು ಎಂಬ ಹೆಸರನ್ನು ತಳೆದು ಅದರ ಪ್ರಧಾನ ಕಚೇರಿ ಉಡುಪಿಯಿಂದ ಮಣಿಪಾಲಕ್ಕೆ ಬಂತು. ಉಪೇಂದ್ರ ಪೈಯವರ ಮಗ ಟಿ. ಎ. ಪೈಯವರು ಅದರ ನಾಯಕತ್ವವನ್ನು ವಹಿಸಿ, ಮುಂದೆ ಕೇಂದ್ರ ಸರ್ಕಾರದಲ್ಲಿ ಸಚಿವರಾದರು. ೧೯೬೯ರ ಜುಲೈ ೧೯ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಇದೂ ಒಂದಾಯಿತು. ೧೯೭೫ರಲ್ಲಿ ದೇಶದ ಮೊಟ್ಟಮೊದಲನೆಯ ಗ್ರಾಮೀಣ ಬ್ಯಾಂಕನ್ನು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಪ್ರಾಯೋಜಿಸಿದುದೂ ಇದೇ ಬ್ಯಾಂಕು.

ಮಣಿಪಾಲದ ಹೆಸರು ಬಂದಮೇಲೆ ಆ ಗುಡ್ಡದ ಕಥೆಯನ್ನೂ ಹೇಳಬೇಕು. ಉಡುಪಿಯ ಪೂರ್ವಕ್ಕೆ ಮೂರು ಮೈಲಿಯಾಚೆ ಇದ್ದುದು ಮುರಕಲ್ಲಿನ ಬೋಳುಗುಡ್ಡೆ. ಅಲ್ಲಿದ್ದ ಮಣ್ಣಿನ ಪಳ್ಳ, ಅಂದರೆ ಕೆರೆ, ಊರಿಗೆ ಹೆಸರು ಕೊಟ್ಟಿತು. ಮಣ್ಣುಪಳ್ಳ ಎಂಬುದು ಬಾಯಿಂದ ಬಾಯಿಗೆ ಸವೆದು ಮಣಿಪಾಲವಾಯಿತು. ಬೇಸಗೆಯಲ್ಲಿ ಹಸಿರಿಲ್ಲದ ಆ ಗುಡ್ಡದ ಮೇಲೆ ಊರು ಕಟ್ಟುವ ಮಾತು ಎರಡಾಣೆಯ ಬ್ಯಾಂಕಿನ ಮಾತಿಗಿಂತಲೂ ನಗೆಗೆ ಹತ್ತಿರವಾಗಿತ್ತು. ೧೯೪೨ರಲ್ಲಿ ಪೈಯವರು ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಕೈಕಸುಬುಗಳ ತರಬೇತಿಯಿಂದ ತೊಡಗಿದ ಆ ಸಂಸ್ಥೆ ೧೯೪೯ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜನ್ನು ತೆರೆಯಿತು.

ಅನಂತರ ಬಂದುದು ವೈದ್ಯಕೀಯ ಕಾಲೇಜಿನ ಯೋಚನೆ. ಇಡೀ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಆಗ ಒಂದೂ ವೈದ್ಯಕೀಯ ಕಾಲೇಜು ಇರಲಿಲ್ಲ. ವೈದ್ಯನಾಗಬೇಕೆಂಬ ಹುಡುಗ ಮಾಧವ ಪೈಯವರಂತೆಯೇ ಮದರಾಸಿಗೋ ಇನ್ನಾವುದೋ ದೂರದ ಊರಿಗೋ ಹೋಗಬೇಕಾಗಿತ್ತು. ಆದರೆ ವೈದ್ಯಕೀಯ ಕಾಲೇಜೆಂದರೆ ಕಪ್ಪುಹಲಗೆಯೂ ಬೆಂಚುಗಳೂ ಇದ್ದರೆ ಸಾಲದು. ಪ್ರಯೋಗಶಾಲೆ ಬೇಕು, ಅಂಗರಚನೆಯ ಪಾಠಕ್ಕೆ ವ್ಯವಸ್ಥೆ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ನೂರಾರು ಹಾಸಿಗೆಗಳ ಆಸ್ಪತ್ರೆ ಬೇಕು. ಇಂತಹ ಖರ್ಚನ್ನು ಸರ್ಕಾರವೇ ಹೊರಬೇಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಗುಡ್ಡದ ಮೇಲೆ ಆಸ್ಪತ್ರೆ ಇರಲಿಲ್ಲ; ಆಸ್ಪತ್ರೆ ಕಟ್ಟುವಷ್ಟು ಹಣವೂ ಇರಲಿಲ್ಲ. ಇಲ್ಲಿಯೂ ಪೈಯವರು ಹಳೆಯ ಮಾರ್ಗವನ್ನೇ ಹಿಡಿದರು: ಇದ್ದುದರಿಂದ ಆರಂಭ. ೧೯೫೩ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆಯಿತು. ಆರಂಭದ ವರ್ಷಗಳ ಪಾಠಗಳು ಗುಡ್ಡದ ಮೇಲೆ. ರೋಗಿಗಳ ಹಾಸಿಗೆಯ ಬಳಿ ಕಲಿಯಬೇಕಾದ ಮುಂದಿನ ಪಾಠಗಳು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಮೊದಲ ವರ್ಷದ ವಿದ್ಯಾರ್ಥಿಗಳು ರೋಗಿಯ ಬಳಿಗೆ ಹೋಗುವ ಹಂತಕ್ಕೆ ಬರುವುದರೊಳಗೆ, ೧೯೫೫ರಲ್ಲಿ, ಮಂಗಳೂರಿನ ವ್ಯವಸ್ಥೆ ಸಿದ್ಧವಾಗಿತ್ತು. ಮಣಿಪಾಲದ ಸ್ವಂತ ಆಸ್ಪತ್ರೆ ೧೯೬೧ರಲ್ಲಿ ಬಂತು. ಎಲ್ಲವೂ ಸಿದ್ಧವಾದಮೇಲೆ ತೊಡಗೋಣವೆಂದು ಕಾದಿದ್ದರೆ ಈ ಎಂಟು ವರ್ಷಗಳಲ್ಲಿ ಒಬ್ಬ ವೈದ್ಯನೂ ಹೊರಬರುತ್ತಿರಲಿಲ್ಲ.

ಸರ್ಕಾರದ ಧನಸಹಾಯವನ್ನು ನೆಚ್ಚದೆ ವಿದ್ಯಾರ್ಥಿಗಳ ಶುಲ್ಕ ಮತ್ತು ವಂತಿಗೆಗಳ ಬಲದಿಂದ ಕಾಲೇಜನ್ನು ನಡೆಸಿದುದಕ್ಕೆ ಟೀಕೆಗಳೂ ಬಂದವು. ಹಣವುಳ್ಳವನಿಗೆ ಮಾತ್ರ ವಿದ್ಯೆಯೆಂದಾಗಬಾರದೆಂಬ ಆ ಟೀಕೆಯಲ್ಲಿ ತಿರುಳಿಲ್ಲದೆ ಇಲ್ಲ. ಪಿಗ್ಮಿ ಯೋಜನೆಯಲ್ಲಿ ಬಡವನ ಬಾಗಿಲಿಗೆ ಹೋದ ಚಿಂತನೆ ವೈದ್ಯಕೀಯ ಕಾಲೇಜಿನಲ್ಲಿ ಅಷ್ಟೇ ಸುಲಭವಾಗಿ ಬಡವನ ಮಗನ ಬಳಿಗೆ ಹೋಗಲಾರದಾಯಿತು. ಆದರೆ ಆ ಗುಡ್ಡದ ಆಸ್ಪತ್ರೆಗೆ ಬೈಂದೂರು, ಕುಂದಾಪುರಗಳ ಕಡೆಯಿಂದ ರೋಗಿಗಳನ್ನು ಕರೆತಂದ ಮನೆಯವರು ಅದು ಹತ್ತಿರದಲ್ಲಿದ್ದುದಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಬಲ್ಲರು.

೧೯೫೭ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ೧೯೬೩ರಲ್ಲಿ ಕುಂದಾಪುರದಲ್ಲಿ ಭಂಡಾರ್‌ಕರ್ಸ್ ಕಾಲೇಜು ಅಕಾಡೆಮಿಯ ಆಶ್ರಯದಲ್ಲಿ ತೆರೆಯಿತು. ಅದುವರೆಗೆ ಹೈಸ್ಕೂಲಿನೊಂದಿಗೆ ಓದನ್ನು ನಿಲ್ಲಿಸಿ ಊರು ಬಿಡುತ್ತಿದ್ದ ಆ ಭಾಗದ ಎಷ್ಟೋ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಮನೆಯಿಂದಲೇ ಹೋಗಿ ಪದವಿ ಪಡೆಯುವಂತಾಯಿತು. ಭಾರತ ಸರ್ಕಾರ ೧೯೭೨ರಲ್ಲಿ ಪೈಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ೧೯೭೯ರ ಮೇ ೨೯ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಸಿಂಡಿಕೇಟ್ ಬ್ಯಾಂಕು ಎಂಬ ಹೆಸರು ಈಗ ಇಲ್ಲ. ೨೦೨೦ರ ಏಪ್ರಿಲ್ ೧ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು; ಅದು ಹುಟ್ಟಿದಾಗ ಇದೊಂದು ಬೇಕೆ ಎಂದು ಕೇಳುವಂತೆ ಮಾಡಿದ ಹಿರಿಯ ಬ್ಯಾಂಕೇ ಅದಕ್ಕೆ ಕೊನೆಯ ಮನೆಯಾಯಿತು. ಆದರೆ ಪಿಗ್ಮಿ ಉಳಿದುಕೊಂಡಿದೆ. ಸಹಕಾರಿ ಸಂಘಗಳು ಅದನ್ನು ತಮ್ಮದಾಗಿಸಿಕೊಂಡಿವೆ. ಕರಾವಳಿಯ ಪೇಟೆಗಳಲ್ಲಿ ಅಂಗಡಿಗಳು ದೀಪ ಹಚ್ಚುವ ಹೊತ್ತಿಗೆ ಸಂಗ್ರಾಹಕ ಬರುತ್ತಾನೆ; ಅವನ ಕೈಯಲ್ಲಿ ಪುಸ್ತಕದ ಬದಲು ಈಗ ಒಂದು ಪುಟ್ಟ ಯಂತ್ರವಿದೆ. ಹೂವಿನ ಅಂಗಡಿಯವಳು ಬುಟ್ಟಿಯ ಕೆಳಗಿನಿಂದ ನೋಟು ತೆಗೆದು ಕೊಡುತ್ತಾಳೆ. ರಶೀದಿಯನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ. ಅವನು ಮುಂದಿನ ಅಂಗಡಿಗೆ ಹೋಗುತ್ತಾನೆ.